ಅಕ್ಕನ ಕಂಬಳಿ, ಅಕ್ಕನ ಸೂಜಿ

ಅಲರ್ಜಿ ಎನ್ನುವುದು ದುಡ್ಡಿದ್ದವರ ಮನೆಯ ಕಾಯಿಲೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಾವು ಕೆಲಸಕ್ಕೆ ಹೋಗುವ ಕಾಫಿ ಎಸ್ಟೇಟಿನ ಬಂಗಲೆಗೆ ನೆಂಟರು ಬರುತ್ತಿದ್ದರು. ಅವರ ಮಕ್ಕಳಿಗೆ ಹಾಲು ಆಗುವುದಿಲ್ಲ, ಧೂಳು ಆಗುವುದಿಲ್ಲ, ಬೆಕ್ಕು ಹತ್ತಿರ ಬಂದರೆ ಸೀನು. ನಾವು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. "ನಮಗೆಲ್ಲ ಅಲರ್ಜಿ ಬಂದ್ರೆ ಅದಕ್ಕೆ ಕೂಳು ಹಾಕೋರು ಯಾರು ಮಾರಾಯ್ತಿ?" ಎಂದು ಒಬ್ಬಳು ಅಂದಿದ್ದಳು. ಅಂದವಳು ನಾನೇ, ಸುಳ್ಳು ಯಾಕೆ ಹೇಳಲಿ.

ನಮ್ಮ ಮನೆ ಇರುವುದು ಶೆಟ್ಟಿಕೊಪ್ಪದ ಹತ್ತಿರ. ಬೆಳಿಗ್ಗೆ ಪಿಕಪ್ ಗಾಡಿ ಬಂದು ನಮ್ಮ ಗ್ಯಾಂಗಿನ ಹನ್ನೊಂದು ಜನ ಹೆಂಗಸರನ್ನು ತುಂಬಿಕೊಂಡು ಕೊಪ್ಪದ ಕಡೆಯ ಎಸ್ಟೇಟಿಗೆ ಬಿಡುತ್ತದೆ, ಸಂಜೆ ವಾಪಸ್ಸು ತರುತ್ತದೆ. ಗ್ಯಾಂಗಿನಲ್ಲಿ ಹತ್ತನೇ ಕ್ಲಾಸು ಪಾಸಾದವಳು ನಾನೊಬ್ಬಳೇ. ಅದರ ಕೊಬ್ಬು ನನಗೆ ಸ್ವಲ್ಪ ಇತ್ತು. ಬಾಯಂತೂ ಮೊದಲಿನಿಂದಲೂ ಜೋರು. ಮದುವೆಯಾಗಿ ಬಂದ ಹೊಸತರಲ್ಲೇ ನಮ್ಮತ್ತೆ, "ಇವಳ ಬಾಯಿಗೆ ಬೇಲಿ ಇಲ್ಲ" ಅಂದಿದ್ದರು.

ಗ್ಯಾಂಗಿಗೆ ಹಿರಿಯಳು ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಳೆಗಾಲದಲ್ಲಿ ನಾವೆಲ್ಲ ತಲೆಯ ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕೆಲಸ ಮಾಡಿದರೆ ಅಕ್ಕನದು ಮಾತ್ರ ಕಂಬಳಿ ಕೊಪ್ಪೆ, ಕರಿ ಉಣ್ಣೆಯದು, ಮುಟ್ಟಿದರೆ ಚುಚ್ಚುವಂಥದ್ದು. ಪ್ಲಾಸ್ಟಿಕ್ ತಗೊಳ್ಳೇ ಅಂದರೆ, "ಹೊರಗಿಂದ ಮಳೆ, ಒಳಗಿಂದ ಬೆವರು, ಎರಡೂ ಕಡೆ ಒದ್ದೆಯಾಗ್ಲಿಕ್ಕೆ ಅದು ಯಾಕೆ ನಂಗೆ?" ಎನ್ನುತ್ತಿದ್ದಳು. ಊಟದ ಹೊತ್ತಿಗೆ ಅದೇ ಕಂಬಳಿ ಚಾಪೆ. ಹೊರೆ ಹೊರುವಾಗ ಅದೇ ಹೆಗಲಿಗೆ ಮೆತ್ತೆ.

ಅದು ಔಷಧಿಯೂ ಆಗಿತ್ತು. ಮೈಮೇಲೆ ಇದ್ದಕ್ಕಿದ್ದಂತೆ ದದ್ದು ಎದ್ದು ತುರಿಸಿದರೆ ನಮ್ಮ ಕಡೆ ಅದಕ್ಕೆ ಪಿತ್ತದ ಗಂಧೆ ಎನ್ನುತ್ತಾರೆ. ಮದ್ದು ಎಲ್ಲರಿಗೂ ಗೊತ್ತಿರುವುದೇ: ಕಂಬಳಿಯಲ್ಲಿ ಸುತ್ತಿ, ಅದರ ಒರಟು ಉಣ್ಣೆಯಿಂದ ಮೈಯೆಲ್ಲ ಉಜ್ಜುವುದು, ಮುರುಗಲ ಹಣ್ಣಿನ ಪಾನಕ ಕುಡಿಸುವುದು. ಕೇರಿಯಲ್ಲಿ ಯಾರಿಗೆ ಗಂಧೆ ಎದ್ದರೂ ಅಕ್ಕನ ಮನೆ ಬಾಗಿಲಿಗೆ ಬರುತ್ತಿದ್ದರು. ಎಷ್ಟೋ ಸಲ ಇಳಿದೂ ಇತ್ತು. ಮದ್ದಿನಿಂದ ಇಳಿಯಿತೋ ತಾನಾಗಿ ಇಳಿಯಿತೋ, ಕೇಳಿದವರು ಯಾರು?

ಆ ಮಳೆಗಾಲದಲ್ಲಿ ಒಂದು ದಿನ ಮಳೆ ಸ್ವಲ್ಪ ಬಿಟ್ಟು ಹೊಳವಾಗಿತ್ತು. ಕಾಫಿ ಗಿಡಗಳ ನಡುವೆ ಕಳೆ ಸವರುತ್ತಿದ್ದೆವು. ನನ್ನ ಕತ್ತಿ ಕಡಜದ ಗೂಡಿಗೆ ತಾಗಿತು. ಎರಡು ಕಚ್ಚಿದವು, ಕುತ್ತಿಗೆಗೊಂದು, ಮಣಿಕಟ್ಟಿಗೊಂದು. ಎಸ್ಟೇಟಿನಲ್ಲಿ ಕಡಜ ಕಚ್ಚುವುದು ದೊಡ್ಡ ಸುದ್ದಿಯೇನಲ್ಲ. ಒಬ್ಬಳು ಕತ್ತಿಯ ಅಲಗನ್ನು ಒರೆಸಿ ಕಚ್ಚಿದ ಜಾಗಕ್ಕೆ ಉಜ್ಜಿದಳು, ಇನ್ನೊಬ್ಬಳು ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿದಳು. "ಇವಳ ಬಾಯಿಗೆ ಕಚ್ಚಬೇಕಿತ್ತು" ಎಂದು ಮತ್ತೊಬ್ಬಳು ನಕ್ಕಳು. ನಾನೂ ನಕ್ಕೆ.

ನಗು ಮುಗಿಯುವುದರೊಳಗೆ ಅಂಗೈ ತುರಿಸತೊಡಗಿತು. ಆಮೇಲೆ ಅಂಗಾಲು. ನೋಡನೋಡುತ್ತ ಮೈತುಂಬ ದದ್ದು. "ಅಯ್ಯೋ, ಪಿತ್ತ ಕೆರಳ್ತಲ್ಲೇ!" ಎಂದು ಅಕ್ಕ ಓಡಿ ಬಂದಳು. ತನ್ನ ತಲೆಯ ಮೇಲಿದ್ದ ಕಂಬಳಿ ತೆಗೆದು ನನಗೆ ಸುತ್ತಿದಳು. ಮರಕ್ಕೆ ಒರಗಿಸಿ ಕೂರಿಸಿ ಕೈ, ಬೆನ್ನು, ಕಾಲು ಎಲ್ಲ ಉಜ್ಜಿದಳು. ಬುತ್ತಿಯ ಜೊತೆ ಯಾರೋ ತಂದಿದ್ದ ಮುರುಗಲ ಪಾನಕ ತರಿಸಿ ಕುಡಿಸಿದಳು. ಅದು ಗಂಟಲಲ್ಲಿ ಇಳಿಯಲೇ ಇಲ್ಲ, ಮೂಗಿನಲ್ಲಿ ಬಂತು. "ಗಂಟಲು" ಎಂದೆ. ನನ್ನ ಧ್ವನಿ ನನಗೇ ಕೇಳಲಿಲ್ಲ. ಅಕ್ಕ ಉಜ್ಜುತ್ತಲೇ ಇದ್ದಳು, "ಈಗ ಇಳೀತದೆ, ಈಗ ಇಳೀತದೆ" ಎನ್ನುತ್ತ. ಅಷ್ಟು ಹೊತ್ತಿಗೆ ಅವಳ ಕಣ್ಣಲ್ಲಿ ನೀರಿತ್ತು.

ಎಸ್ಟೇಟಿನ ರೈಟ್ರು ಹಾಜರಿ ಬರೆಯಲು ಆ ಕಡೆ ಬಂದವರು ನನ್ನ ಮುಖ ನೋಡಿ ಪುಸ್ತಕ ಬಿಸಾಡಿದರಂತೆ. "ತುಟಿ ನೋಡ್ರೇ ಅವಳದ್ದು! ಇದು ಪಿತ್ತ ಅಲ್ಲ, ಗಾಡಿ ಎಲ್ಲಿ?" ಗಾಡಿ ಗೊಬ್ಬರ ತರಲು ಹೋಗಿತ್ತು. ಅಲ್ಲಿ ಫೋನು ಸಿಗುವುದು ಗುಡ್ಡದ ಮೇಲಿನ ಒಂದು ಬಂಡೆಯ ಮೇಲೆ ಮಾತ್ರ. ಅವರು ಅಲ್ಲಿಗೆ ಓಡಿ ಗಾಡಿಯನ್ನು ವಾಪಸ್ಸು ಕರೆಸಿದರಂತೆ. ಈ ಅಂತೆಗಳೆಲ್ಲ ಆಮೇಲೆ ಕೇಳಿದ್ದು. ನನಗೆ ಆಗಲೇ ಕಣ್ಣು ಕತ್ತಲೆ ಬಂದಿತ್ತು.

ಕೊಪ್ಪದ ಆಸ್ಪತ್ರೆಯಲ್ಲಿ ನನ್ನ ಹೆಸರು, ಊರು ಏನನ್ನೂ ಕೇಳದೆ, ಸ್ಟ್ರೆಚರ್ ನಿಲ್ಲುವ ಮೊದಲೇ ತೊಡೆಗೆ ಸೂಜಿ ಚುಚ್ಚಿದ ಆ ಡಾಕ್ಟರಮ್ಮನ ಕೈ ತಣ್ಣಗಿರಲಿ. ಉಸಿರು ಒಳಗೆ ಹೋಗುವ ದಾರಿ ಮತ್ತೆ ತೆರೆದದ್ದು ನನಗೆ ನೆನಪಿದೆ. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ಖುಷಿ ನನಗೆ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ.

ಮರುದಿನ ಅವರು ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳಿದರು. "ಇದು ಅಲರ್ಜಿ ಅಮ್ಮ. ಕಡಜದ ವಿಷ ನಿಮ್ಮ ಮೈಗೆ ಆಗೋದಿಲ್ಲ. ಮುಂದಿನ ಸಲ ಇನ್ನೂ ಬೇಗ ಏರಬಹುದು. ಕಂಬಳಿ, ಪಾನಕ ಅಂತ ಹೊತ್ತು ಕಳೀಬಾರ್ದು. ಗಂಟಲು ಊದಿದಾಗ ಏನೂ ಕುಡಿಸ್ಬಾರ್ದು. ತಲೆ ಸುತ್ತಿದ್ರೆ ಮಲಗಿಸಿ ಕಾಲು ಎತ್ತರಕ್ಕೆ ಇಡ್ಬೇಕು." ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದೂ ಅಂದರು.

ಆ ಮಾತನ್ನು ನಾನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ನೋಡಲು ಗ್ಯಾಂಗಿನವರೆಲ್ಲ ಬಂದರು. ಅಕ್ಕ ಎಲ್ಲರಿಗಿಂತ ಮೊದಲೇ ಬಂದು, ಗಂಜಿ ಮಾಡಿಟ್ಟು, ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಚಳಿ ಆಗ್ತದಾ? ಹೊದಿಸ್ಲಾ?" ಎಂದಳು. ಅಷ್ಟೇ ಅವಳು ಕೇಳಿದ್ದು. ನನಗೆ ಎಲ್ಲಿತ್ತೋ ಸಿಟ್ಟು. "ಬೇಡ ಮಾರಾಯ್ತಿ, ನಿನ್ನ ಕಂಬಳಿ ಒಂದ್ಸಲ ನನ್ನ ಪ್ರಾಣ ತೆಗೆಯೋಕೆ ನೋಡಿದ್ದು ಸಾಕು. ಓದು ಬರಹ ಇಲ್ಲದವರ ಕೈಗೆ ಸಿಕ್ಕಿದ್ರೆ ಇದೇ ಆಗೋದು" ಎಂದುಬಿಟ್ಟೆ. ಹತ್ತು ಜನರ ಎದುರಿಗೆ.

ಅಕ್ಕ ಕಂಬಳಿ ಮಡಿಸಿಕೊಂಡು ಎದ್ದು ಹೋದಳು. ಅದನ್ನು ಅಟ್ಟದ ಮೇಲೆ ಎಸೆದಳೆಂದು ಭಾವ ಆಮೇಲೆ ಹೇಳಿದರು. ಮಾರನೆಯ ದಿನ ಪಿಕಪ್ ಗಾಡಿ ನಮ್ಮ ಮನೆ ಮುಂದೆ ಹೋಗುವಾಗ ನೋಡಿದೆ, ಅಕ್ಕನ ತಲೆಯ ಮೇಲೆ ನೀಲಿ ಪ್ಲಾಸ್ಟಿಕ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗಿ ತಪ್ಪಾಯ್ತು ಎನ್ನಬೇಕಿತ್ತು. ಎನ್ನಲಿಲ್ಲ. ಬೈಯುವಾಗ ಅಷ್ಟು ಸಲೀಸಾಗಿ ತೆರೆಯುವ ಬಾಯಿ ಇಂಥದ್ದಕ್ಕೆ ತೆರೆಯುವುದೇ ಇಲ್ಲ, ನೋಡಿ.

ಅವಳು ನನ್ನ ಜೊತೆ ಮಾತು ಬಿಟ್ಟಳು.

ಇತ್ತ ನನಗೆ ಕೆಲಸದ ಚಿಂತೆ. ಗಂಡ, "ಎಸ್ಟೇಟೂ ಬೇಡ, ಎಂತದೂ ಬೇಡ, ಮನೆಯಲ್ಲಿರು" ಎಂದ. ಮನೆಯಲ್ಲಿ ಕೂತು ನಾನೇನು ಗೋಡೆ ನೋಡಲಾ? ಹದಿನಾರು ವರ್ಷ ಆ ಹೆಂಗಸರ ಜೊತೆ ನಗುತ್ತ, ಜಗಳವಾಡುತ್ತ ದುಡಿದವಳು. ಡಾಕ್ಟರಮ್ಮನನ್ನು ಕೇಳಿದೆ. ಹೋಗಬಹುದು ಎಂದರು, ಆದರೆ ಆ ಇಂಜೆಕ್ಷನ್ ಸದಾ ಜೊತೆಯಲ್ಲಿರಬೇಕು, ಕೊಡಲು ಗೊತ್ತಿರುವವರು ಒಬ್ಬರು ಪಕ್ಕದಲ್ಲಿರಬೇಕು. ನನ್ನ ಕೈಯೇ ಬಿದ್ದು ಹೋದರೆ ನಾನೇ ಚುಚ್ಚಿಕೊಳ್ಳುವುದು ಹೇಗೆ? ಚೀಟಿ ಬರೆದುಕೊಟ್ಟು, ಕಲಿಸಲು ನಮ್ಮೂರ ಕಡೆಯ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಫೋನಿನಲ್ಲಿ ಹೇಳಿದರು.

ಆ ನರ್ಸಮ್ಮನ ತವರು ಶೃಂಗೇರಿಯಿಂದಾಚೆ, ಕೆರೆಕಟ್ಟೆಯ ಕಾಡಂಚಿನಲ್ಲಿ. ಬಸ್ಸು ಕಾಣುವುದೇ ಅಪರೂಪವಾಗಿದ್ದ ಜಾಗದಲ್ಲಿ ಬೆಳೆದವರು. "ಆಸ್ಪತ್ರೆ ದೂರ ಇದ್ದಲ್ಲಿ ಆಸ್ಪತ್ರೆಯ ಒಂದು ತುಂಡು ನಮ್ಮ ಕೈಯಲ್ಲಿರ್ಬೇಕು" ಎಂದು ಅವರು ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ. ರಜೆಯ ದಿನ ಗ್ಯಾಂಗಿನವರನ್ನೆಲ್ಲ ಕರೆದುಕೊಂಡು ಬಾ ಎಂದರು. ಹೋದೆವು. ಅಕ್ಕನೂ ಬಂದಳು, ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತಳು.

ನರ್ಸಮ್ಮ ಸೂಜಿ ತೆಗೆದದ್ದೇ ತಡ, "ಅಯ್ಯಪ್ಪಾ!" ಎಂದು ಎಲ್ಲರೂ ಕಣ್ಣು ಮುಚ್ಚಿದರು. ಹಬ್ಬದ ದಿನ ಆರು ಕೋಳಿ ಕುಯ್ದು ಕೈ ತೊಳೆಯುವವಳೂ ಕಣ್ಣು ಮುಚ್ಚಿದಳು! "ಎಡವಟ್ಟಾಗಿ ಸತ್ತುಗಿತ್ತು ಹೋದ್ರೆ ನಮ್ಮ ತಲೆ ಮೇಲೆ" ಎಂದಳು ಒಬ್ಬಳು. ಅದು ತಪ್ಪಲ್ಲ. ಕೈ ಮುಂದೆ ಮಾಡಿದವಳಿಗೆ ನಾನು ಎಂಥ ಮರ್ಯಾದೆ ಮಾಡುತ್ತೇನೆಂದು ಎಲ್ಲರೂ ಕಣ್ಣಾರೆ ಕಂಡಿದ್ದರಲ್ಲ. ಮುಗೀತು, ಇನ್ನು ಗೋಡೆ ನೋಡುವುದೇ ಎಂದುಕೊಂಡೆ.

"ನಂಗೆ ಹೇಳ್ಕೊಡಿ ಮೇಡಂ" ಎಂದಿತು ಹಿಂದಿನಿಂದ ಒಂದು ಧ್ವನಿ. ಅಕ್ಕ ಎದ್ದು ಬಂದು ಮುಂದೆ ಕೂತಳು. ನನ್ನ ಕಡೆ ನೋಡಲಿಲ್ಲ.

ಒಂದರ ಹಿಂದೆ ಒಂದು ನಾಲ್ಕು ವಾರ ಪಾಠ. ಸಣ್ಣ ಗಾಜಿನ ಬಾಟಲಿಯ ಕುತ್ತಿಗೆಯನ್ನು ಬಟ್ಟೆಯಲ್ಲಿ ಹಿಡಿದು ಮುರಿಯಬೇಕು. ಔಷಧಿಯನ್ನು ಸಿರಿಂಜಿಗೆ ಗೆರೆಯವರೆಗೆ ಎಳೆಯಬೇಕು. ಅಕ್ಕನಿಗೆ ಅಂಕಿ ಬಾರದು, ಅದಕ್ಕೆ ನರ್ಸಮ್ಮ ತಮ್ಮ ಉಗುರಿಗೆ ಹಚ್ಚುವ ಕೆಂಪು ಬಣ್ಣ ತಂದು ಡಾಕ್ಟರು ಹೇಳಿದ ಅಳತೆಗೆ ಸಿರಿಂಜಿನ ಮೇಲೆ ಗೆರೆ ಎಳೆದರು. ತೊಡೆಯ ಹೊರಮಗ್ಗುಲಿಗೆ ನೆಟ್ಟಗೆ ಚುಚ್ಚಬೇಕು, ಸೀರೆ ಎತ್ತುವಷ್ಟು ಪುರುಸೊತ್ತಿಲ್ಲದಿದ್ದರೆ ಬಟ್ಟೆಯ ಮೇಲಿಂದಲೇ. ಆಮೇಲೆ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಅಕ್ಕ, ಒಂದಕ್ಕೆ ಲಾಭ ಎನ್ನುವ ಭತ್ತ ಅಳೆಯುವವರ ಹಾಗೆ, "ಲಾಭ, ಎರಡು, ಮೂರು" ಎಂದು ಎಣಿಸಿದಳು. ನರ್ಸಮ್ಮ ನಕ್ಕು, "ಹೇಗಾದ್ರೂ ಎಣಿಸಿ, ಹತ್ತಾದ್ರೆ ಆಯ್ತು" ಎಂದರು.

ಮಾತು ಮಾತ್ರ ನರ್ಸಮ್ಮನ ಮೂಲಕ. "ಅವಳಿಗೆ ಹೇಳಿ ಮೇಡಂ, ಚುಚ್ಚುವಾಗ ಕಾಲು ಆಡಿಸ್ಬಾರ್ದು ಅಂತ." ನಾನು ಅಲ್ಲೇ ಎರಡು ಮಾರು ದೂರದಲ್ಲಿ ಕೂತಿದ್ದೆ. "ಸತ್ರೂ ಆಡಿಸಲ್ಲ ಅಂತ ಹೇಳಿ ಮೇಡಂ" ಎಂದು ನಾನು. ನರ್ಸಮ್ಮ ರೇಗಿದರು: "ನಾನೇನು ಪೋಸ್ಟ್‌ಮ್ಯಾನಾ?"

ಒಂದು ಸಂಜೆ ಭಾವನ ಹತ್ತಿರ ಬೆಂಕಿಪೊಟ್ಟಣ ಕೇಳಲು ಅಕ್ಕನ ಹಿತ್ತಿಲಿಗೆ ಹೋದೆ. ಯಾರೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ಬಾಳೆದಿಂಡು ಬಿದ್ದಿತ್ತು, ಅದಕ್ಕೊಂದು ಹಳೆ ಸೀರೆಯ ತುಂಡು ಸುತ್ತಿತ್ತು. ಪಕ್ಕದಲ್ಲಿ ಚೀಲ ಹೊಲಿಯುವ ದಬ್ಬಳ. ಬಟ್ಟೆ ಸರಿಸಿ ನೋಡಿದರೆ ದಿಂಡು ಜರಡಿಯಾಗಿತ್ತು. ಎಲ್ಲ ತೂತೂ ಒಂದೇ ಅಂಗೈಯಗಲದ ಜಾಗದಲ್ಲಿ. ಬೆಂಕಿಪೊಟ್ಟಣ ಕೇಳದೆ ವಾಪಸ್ಸು ಬಂದೆ. ದಾರಿಯಲ್ಲಿ ಅಳು ಬಂತು, ಎದುರಿಗೆ ಬಂದವರಿಗೆ ಕಣ್ಣಿಗೆ ಹುಳ ಬಿತ್ತು ಎಂದೆ.

ಎಸ್ಟೇಟಿಗೆ ಮತ್ತೆ ಹೋದಾಗ ಅಲ್ಲೂ ಏನೇನೋ ಬದಲಾಗಿತ್ತು. ರೈಟ್ರು ಬೆಳಿಗ್ಗೆ ನಮಗಿಂತ ಮೊದಲೇ ಆ ದಿನದ ಜಾಗ ಸುತ್ತಿ, ಕಡಜದ ಗೂಡು ಕಂಡ ಗಿಡಕ್ಕೆ ಕೆಂಪು ಚಿಂದಿ ಕಟ್ಟುತ್ತಿದ್ದರು. ಆ ಗಿಡ ನನಗಲ್ಲ. ಪಿಕಪ್ಪಿನ ಡ್ರೈವರು ಗಾಡಿಯನ್ನು ರಸ್ತೆಗೆ ಮುಖ ಮಾಡಿಯೇ ನಿಲ್ಲಿಸುತ್ತಿದ್ದ, ಕೆಲಸ ಮುಗಿಯುವವರೆಗೆ ಬೇರೆಲ್ಲೂ ಒಯ್ಯುತ್ತಿರಲಿಲ್ಲ. ಹೂವಿನ ಪರಿಮಳಕ್ಕೆ ಹುಳ ಬರಬಹುದೆಂದು ನರ್ಸಮ್ಮ ಅಂದಿದ್ದರು. ನಾನು ಮುಡಿಯುವುದು ಬಿಟ್ಟೆ. ಒಂದು ಶುಕ್ರವಾರ ಗಾಡಿಯಲ್ಲಿ ಸುತ್ತ ನೋಡುತ್ತೇನೆ, ಹನ್ನೊಂದು ತಲೆಗಳಲ್ಲಿ ಒಂದರಲ್ಲೂ ಹೂವಿಲ್ಲ. "ಎಂತದೇ, ಯಾರ ಮನೆ ಸೂತಕ?" ಎಂದೆ. "ನಿನ್ನ ದೆಸೆಯಿಂದ ಮಾರಾಯ್ತಿ! ಸುಮ್ನೆ ಕೂರು" ಎಂದರು. ಹೆಣ್ಣುಮಕ್ಕಳು ಶುಕ್ರವಾರದ ಹೂ ಬಿಡುವುದೆಂದರೆ ಸಣ್ಣ ಮಾತಲ್ಲ. ಈ ಋಣ ನಾನು ಯಾವ ಜನ್ಮಕ್ಕೆ ತೀರಿಸಲಿ?

ಅಕ್ಕ ಎಲೆಅಡಿಕೆ ಚೀಲದ ಜೊತೆ ಇನ್ನೊಂದು ಚೀಲ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಅದರಲ್ಲಿ ಎರಡು ಬಾಟಲಿ, ಎರಡು ಸಿರಿಂಜು, ಬಟ್ಟೆಯ ತುಂಡು. ಮಳೆ ಮುಗಿದ ಮೇಲೆ ಕಂಬಳಿಯೂ ಗಾಡಿಯಲ್ಲಿ ಕಾಣಿಸಿತು, ಗಟ್ಟಿಯಾಗಿ ಮಡಿಸಿ ಹಗ್ಗ ಬಿಗಿದದ್ದು. ಹೊದೆಯುತ್ತಿರಲಿಲ್ಲ, ಹಾಸುತ್ತಿರಲಿಲ್ಲ, ಸುಮ್ಮನೆ ಹೊತ್ತು ತರುತ್ತಿದ್ದಳು. ಯಾಕೆಂದು ಕೇಳಲು ನನಗೆ ಮುಖವಿರಲಿಲ್ಲ.

ಕಾಫಿ ಕೊಯ್ಲು ಶುರುವಾಗಿತ್ತು. ನನ್ನ ಸಾಲಿನಲ್ಲಿ ಕೆಂಪು ಚಿಂದಿ ಇರಲಿಲ್ಲ. ರೈಟ್ರ ತಪ್ಪೇನಲ್ಲ, ಎಲೆಯ ಅಡಿಯಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಗೂಡು, ಯಾರಿಗೂ ಕಾಣುವಂಥದ್ದಲ್ಲ. ಹಣ್ಣು ಹಿಡಿದು ಕೊಂಬೆ ಬಗ್ಗಿಸಿದೆ. ಕಿವಿಯ ಹಿಂದೆ ಬೆಂಕಿ ಇಟ್ಟಂತಾಯಿತು. ಅಂಗೈ ತುರಿಸಿತು. ಈ ಸಲ ಎಷ್ಟು ಬೇಗ! ನನ್ನ ಬಾಯಿಂದ ಬಂದದ್ದು ಒಂದೇ ಮಾತು, "ಅಕ್ಕಾ!" ಐದು ತಿಂಗಳಲ್ಲಿ ಅವಳಿಗೆಂದೇ ಆಡಿದ ಮೊದಲ ಮಾತು ಅದು.

ಮೂರು ಸಾಲು ಆಚೆಯಿಂದ ಅವಳು ಹೇಗೆ ಬಂದಳೋ. "ಮಲಗು" ಎಂದಳು. ಮಲಗಿದೆ. ಯಾರೋ, "ಸ್ವಲ್ಪ ನೀರು ಕೊಡ್ರೇ" ಎಂದರು. "ಮುಟ್ಟಬೇಡಿ ಅವಳನ್ನ! ಗಾಡಿ ತರ್ಸಿ!" ಎಂದು ಗದರಿದಳು. ಗಾಜು ಮುರಿದ ಸದ್ದು ಕೇಳಿತು. ನಾನು ಆಕಾಶ ನೋಡುತ್ತಿದ್ದೆ, ಅದು ಕಪ್ಪಾಗುತ್ತ ಬರುತ್ತಿತ್ತು. ಗಂಟಲು ಹುರಿ ಹಾಕಿದಂತೆ ಬಿಗಿಯಿತು. ಆಮೇಲೆ ತೊಡೆಗೆ ಸೂಜಿ, ಸೀರೆಯ ಮೇಲಿಂದಲೇ. ನಾನು ಕಾಲು ಆಡಿಸಲಿಲ್ಲ. "ಲಾಭ, ಎರಡು, ಮೂರು, ನಾಲ್ಕು." ಹತ್ತಾದ ಮೇಲೆ ಸೂಜಿ ತೆಗೆದು, ಪಕ್ಕದಲ್ಲಿಟ್ಟಿದ್ದ ಆ ಮಡಿಸಿದ ಕಂಬಳಿಯನ್ನು ಎಳೆದು ನನ್ನ ಎರಡೂ ಕಾಲುಗಳನ್ನು ಎತ್ತಿ ಅದರ ಮೇಲಿಟ್ಟಳು. ಅದಕ್ಕಾಗಿ ಅವಳು ಅದನ್ನು ಅಟ್ಟದಿಂದ ಇಳಿಸಿದ್ದಳು. ಅದಕ್ಕಾಗಿಯೇ ದಿನಾ ಹೊತ್ತು ತರುತ್ತಿದ್ದಳು. ಉಸಿರು ಸಿಗುವ ಮೊದಲೇ ನನಗೆ ಅದು ಅರ್ಥವಾಯಿತು.

ಕೊಪ್ಪ ಮುಟ್ಟುವ ಹೊತ್ತಿಗೆ ನಾನು ಮಾತಾಡುವಂತಾಗಿದ್ದೆ. ಎರಡನೇ ಸೂಜಿ ಬೇಕಾಗಲಿಲ್ಲ. ಅದೇ ಡಾಕ್ಟರಮ್ಮ ನನ್ನನ್ನು ನೋಡಿ, "ಯಾರು ಕೊಟ್ಟಿದ್ದು ಇಂಜೆಕ್ಷನ್?" ಎಂದು ಕೇಳಿದರು. ಬೈಯುತ್ತಾರೆಂದು ಹೆದರಿ ಅಕ್ಕ ಬಾಗಿಲ ಮರೆಗೆ ಸರಿದಳು. "ನಮ್ಮಕ್ಕ" ಎಂದೆ, ಆಸ್ಪತ್ರೆಗೆಲ್ಲ ಕೇಳುವ ಹಾಗೆ. ಡಾಕ್ಟರಮ್ಮ ಅವಳನ್ನು ಕರೆದು ಕೈಮುಗಿಯಲು ಹೋದವರು, "ಇದೇನಮ್ಮ ರಕ್ತ?" ಎಂದರು. ಬಾಟಲಿ ಮುರಿಯುವಾಗ ಬಟ್ಟೆ ಹಿಡಿಯುವುದನ್ನು ಮರೆತಿದ್ದಳು. ಹೆಬ್ಬೆರಳು ಸೀಳಿತ್ತು. ಅಷ್ಟು ದೂರದ ದಾರಿಯಲ್ಲಿ ಅವಳಿಗೂ ಗೊತ್ತಾಗಿರಲಿಲ್ಲ, ನಮಗೂ ಗೊತ್ತಾಗಿರಲಿಲ್ಲ. ನಾಲ್ಕು ಹೊಲಿಗೆ ಬಿತ್ತು. ಹೊಲಿಗೆಯ ಸೂಜಿ ಕಂಡು, "ಅಯ್ಯಪ್ಪಾ" ಎಂದು ಅಕ್ಕ ಕಣ್ಣು ಮುಚ್ಚಿಕೊಂಡಳು. ಆವಾಗ ಗೊತ್ತಾಯಿತು ನನಗೆ, ಎಲ್ಲರಂತೆ ಅವಳಿಗೂ ಸೂಜಿಯ ಭಯವಿತ್ತು ಎಂದು.

ಸಂಜೆಯವರೆಗೆ ನನ್ನನ್ನು ಅಲ್ಲೇ ಮಲಗಿಸಿದರು. ಅಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ, ಬ್ಯಾಂಡೇಜು ಸುತ್ತಿದ ಬೆರಳನ್ನು ಮೇಲೆತ್ತಿ ಹಿಡಿದು ಕೂತಿದ್ದಳು. ಆಸ್ಪತ್ರೆಯ ದಿಂಬು ಬೇಡವೆಂದು ನನ್ನ ಕಾಲಡಿಗೆ ತನ್ನ ಕಂಬಳಿಯನ್ನೇ ಇಟ್ಟಿದ್ದಳು. ಸೀರೆಯ ಅಂಚಿನ ಕೆಳಗೆ ಅದರ ಉಣ್ಣೆ ಚುಚ್ಚುತ್ತಿತ್ತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನಿಸಿತು. ಎದ್ದು ಕೂತು ಅವಳ ಕೈ ಹಿಡಿದುಕೊಂಡೆ.

"ಅಕ್ಕ, ಆವತ್ತು ಎಲ್ಲರೆದ್ರು ನಾ ಹಾಗೆ ಅನ್ಬಾರ್ದಿತ್ತು. ತಪ್ಪಾಯ್ತೇ."

ಅಕ್ಕ ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು.

"ಯಾವತ್ತು? ಎಂತ ಅಂದಿದ್ದೆ ನೀನು? ನಂಗೆ ನೆನಪೇ ಇಲ್ಲಪ್ಪ" ಎಂದಳು. ಆಮೇಲೆ ಬ್ಯಾಂಡೇಜಿನ ಕೈಯಿಂದಲೇ ನನ್ನ ಭುಜ ಹಿಂದಕ್ಕೆ ಒತ್ತಿದಳು. "ಎದ್ದು ಕೂರ್ಬೇಡ ಅಂತ ಹೇಳಿಲ್ವೇನೇ ಡಾಕ್ಟ್ರು? ಓದಿದವಳಂತೆ! ಕಾಲು ಮೇಲಿಡು ಮೊದ್ಲು."

ನಾನು ಮಲಗಿ ಕಂಬಳಿಯ ಮೇಲೆ ಕಾಲಿಟ್ಟೆ.